ಹಾರ್ಡ್ ಡಿಸ್ಕಿಗೆ ಕುಂಕುಮ ಹಚ್ಚಿದ ದಿನ

ನನ್ನ ಅತ್ತಿಗೆ ಪ್ರತಿ ವರ್ಷ ಚೌತಿಯ ಊಟವಾದ ಮೇಲೆ ಟೀವಿಯಲ್ಲಿ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದ ಆ ಬೆನ್ನು ಅವರ ತಾಯಿಯದಲ್ಲ. ಅದು ನನ್ನ ಹೆಂಡತಿಯ ಸೋದರತ್ತೆ, ಕುಮಟೆಯ ಶಾರದತ್ತೆಯ ಬೆನ್ನು. ಶಾರದತ್ತೆ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಆ ಬೆನ್ನನ್ನು ಅಲ್ಲಿಗೆ ತಂದು ಕೂರಿಸಿದವನು ನಾನು — ಬೇಕೆಂದೇ, ಬಹಳ ಅಚ್ಚುಕಟ್ಟಾಗಿ, ಬಣ್ಣವನ್ನೂ ಸರಿಹೊಂದಿಸಿ.

ಇದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ನನ್ನ ಹೊಟ್ಟೆ ಮೊದಲೇ ಸರಿಯಿಲ್ಲ.

ನಾನು ಎಂಥವನೆಂದು ಮೊದಲು ಹೇಳಿಬಿಡುತ್ತೇನೆ. ಹೊನ್ನಾವರದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಬಸ್ಸು ಶರಾವತಿ ಸೇತುವೆ ಏರುವ ಮೊದಲು ಮೊಬೈಲನ್ನು ಕಿಟಕಿ ಕಡೆಯ ಕಿಸೆಯಿಂದ ಆಚೆ ಕಿಸೆಗೆ ಹಾಕಿಕೊಳ್ಳುವವನು — ಕಿಟಕಿಗೆ ಗಾಜು ಇದ್ದರೂ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಗೇಟಿನ ತನಕ ಹೋಗಿ, ಎಳೆದು ನೋಡಿದ್ದು ಇವತ್ತೋ ನಿನ್ನೆಯೋ ಎಂದು ಸಂಶಯ ಬಂದು ವಾಪಸು ಬರುವವನು. ಹಾಳಾಗದಂತೆ ನೋಡಿಕೊಳ್ಳುವುದೇ ನನ್ನ ಹವ್ಯಾಸ. ಅಂಥವನ ಕೈಗೇ ಅತ್ತಿಗೆ ತಮ್ಮ ಮದುವೆಯ ವಿಡಿಯೋ ಕ್ಯಾಸೆಟ್ ತಂದುಕೊಟ್ಟರು. ಅವರ ಲೆಕ್ಕ ಸರಿಯೇ ಇತ್ತು. ಇಷ್ಟು ಹೆದರುವವನಿಗಿಂತ ಒಳ್ಳೆಯ ಕಾವಲುಗಾರ ಬೇಕೆ?

ನನ್ನ ಅಣ್ಣ ಭಟ್ಕಳದಲ್ಲಿ ಮೇಷ್ಟ್ರು. ಅವನ ಮದುವೆ ಹಳದೀಪುರದ ಕಲ್ಯಾಣಮಂಟಪದಲ್ಲಿ ಆಯಿತು. ಆಗಿನ್ನೂ ಕ್ಯಾಸೆಟ್ಟಿನ ಕಾಲ. ವರ್ಷ ತುಂಬುವುದರೊಳಗೆ ಅತ್ತಿಗೆಯ ತಾಯಿ ತೀರಿಕೊಂಡರು. ನಿಂತ ಫೋಟೋಗಳು ಇದ್ದವು, ಆದರೆ ಅವರು ನಡೆದಾಡುವುದು, ಮಾತಾಡುವುದು ಇದ್ದದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಊಟದ ಪಂಕ್ತಿಯಲ್ಲಿ ಪಾಯಸದ ಪಾತ್ರೆ ಹಿಡಿದು ಬಂದು, ಕ್ಯಾಮೆರಾದ ಬೆಳಕು ಮುಖಕ್ಕೆ ಬಿದ್ದೊಡನೆ ಏನೋ ಹೇಳಿ ನಗುತ್ತಾರೆ. ಅಷ್ಟೇ. ಅಣ್ಣನ ಮನೆಯ ವಿಸಿಆರ್ ಕೆಟ್ಟು ಮೂಲೆ ಸೇರಿದ ಮೇಲೆ ಅದನ್ನು ಯಾರೂ ನೋಡಿರಲಿಲ್ಲ.

"ಆಯಿ ಎಂತೋ ಹೇಳಿ ನೆಗಾಡ್ತಲ್ಲ, ಅದೊಂದು ಬೇಕು ನಂಗೆ," ಎಂದಿದ್ದರು ಅತ್ತಿಗೆ, ಕ್ಯಾಸೆಟ್ಟನ್ನು ಹಳೆಯ ಟವೆಲಿನಿಂದ ಬಿಡಿಸುತ್ತ. "ಎಂತ ಹೇಳಿದ್ದು ಅಂತ್ಲೇ ಮರೆತು ಹೋಯ್ದು. ಬಾಕಿದ್ದೆಲ್ಲ ಹೋದ್ರೆ ಹೋಗ್ಲಿ ಪ್ರಭಾಕರಾ. ನಿನ್ನ ಅಣ್ಣ ಮಾಲೆ ಹಾಕೂದು ನೋಡಿ ಎಂತ ಮಾಡವು?"

ಬಾಕಿದ್ದೆಲ್ಲ ಇವತ್ತಿಗೂ ಚೆನ್ನಾಗಿದೆ. ಅಣ್ಣ ಮಾಲೆ ಹಾಕುವುದು ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಆ ಹೊತ್ತಿಗೆ ನಾನು ಮನೆಯ ವಿಡಿಯೋಗಳನ್ನು ಕಂಪ್ಯೂಟರಿಗೆ ಏರಿಸಿ, ಬೇಡದ್ದನ್ನು ಕತ್ತರಿಸಿ, ಜೋಡಿಸುವುದನ್ನು ಕಲಿತಿದ್ದೆ. ಈ ಕೆಲಸಕ್ಕೆ ಒಂದು ನಿಯಮವಿದೆ. ಕಂಪ್ಯೂಟರನ್ನು ನಡೆಸುವ ಹಾರ್ಡ್ ಡಿಸ್ಕೇ ಬೇರೆ, ವಿಡಿಯೋ ಇಡುವ ಡಿಸ್ಕೇ ಬೇರೆ ಇರಬೇಕು. ಒಂದೇ ಡಿಸ್ಕಿಗೆ ಎರಡೂ ಹೊರಿಸಿದರೆ ಬಡಿಸುವವನನ್ನೇ ಪಾತ್ರೆ ತೊಳೆಯಲೂ ಕಳಿಸಿದ ಹಾಗೆ. ಚಿತ್ರ ತಡವರಿಸುತ್ತದೆ, ತಾಳಿ ಕಟ್ಟುವ ಕೈ ಅರ್ಧದಲ್ಲೇ ನಿಂತು ಬೀಗರಿಗೆ ಗಾಬರಿಯಾಗುತ್ತದೆ. ಆದ್ದರಿಂದ ವಿಡಿಯೋಗೆಂದೇ ದೊಡ್ಡದೊಂದು ಡಿಸ್ಕು ತಂದೆ. ಅದು ಕೆಟ್ಟರೆ? ಎಂದು ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದು ತಂದೆ. ಮೊದಲನೆಯದರ ಬೆನ್ನಿನ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ 'ಮೂಲ' ಎಂದು ಬರೆದೆ, ಎರಡನೆಯದರ ಮೇಲೆ 'ಪ್ರತಿ' ಎಂದು. ಕಂಪ್ಯೂಟರಿನ ಒಳಗೂ ಅವಕ್ಕೆ ಹೆಸರಿಡಬಹುದಿತ್ತು. ಆದರೆ ಅದನ್ನು ಒತ್ತಿ ಏನಾದರೂ ಅಳಿಸಿಹೋದೀತೆಂದು ಹೆದರಿ ಇಡಲಿಲ್ಲ.

ಅತ್ತಿಗೆಯ ಕ್ಯಾಸೆಟ್ಟನ್ನು ಕುಮಟೆಯಿಂದ ಎರವಲು ತಂದ ಹಳೆಯ ವಿಸಿಆರಿನಲ್ಲಿ ಹಾಕಿ ಪೂರ್ತಿ ಇಳಿಸಿಕೊಂಡೆ. ಇಳಿಸಿ ಮುಗಿದದ್ದೇ ಆ ಯಂತ್ರ ರಿವೈಂಡ್ ಆಗುವಾಗ ಟೇಪನ್ನು ಕಚ್ಚಿ, ಎಳೆದು, ಒತ್ತು ಶಾವಿಗೆಯ ಹಾಗೆ ಹೊರಗೆ ಉಗುಳಿತು. ನನಗೆ ಬೇಸರವಾಯಿತು, ಗಾಬರಿಯಾಗಲಿಲ್ಲ. 'ಮೂಲ'ದಲ್ಲಿ ಬಂದಾಗಿದೆ, ಇನ್ನು 'ಪ್ರತಿ'ಗೆ ಹಾಕಿಬಿಟ್ಟರೆ ಬ್ರಹ್ಮ ಬಂದರೂ ಅಳಿಸಲಾರ.

'ಪ್ರತಿ' ಒಪ್ಪಲಿಲ್ಲ. ಇಷ್ಟು ದೊಡ್ಡ ಕಡತ ಹಿಡಿಸುವುದಿಲ್ಲ ಎಂದಿತು — ಪೂರಾ ಖಾಲಿ ಇದ್ದರೂ! ಮಂಟಪವೇನೋ ದೊಡ್ಡದು, ಬಾಗಿಲು ಚಿಕ್ಕದು ಎಂಬಂತೆ. ಅದನ್ನು ಹೊಸ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದರೆ ಸರಿಯಾಗುತ್ತದೆ ಎಂದು ತಿಳಿಯಿತು. ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಗುಡಿಸಿ ಸಾರಿಸಿ ಹೊಸದಾಗಿ ಖಾನೆ ಹಾಕುವುದು. ಒಳಗಿದ್ದದ್ದು ಹೋಗುತ್ತದೆ. 'ಪ್ರತಿ'ಯೊಳಗೆ ಏನೂ ಇರಲಿಲ್ಲವಾದ್ದರಿಂದ ಹೆದರುವುದಕ್ಕೆ ಕಾರಣವಿರಲಿಲ್ಲ. ಆದರೂ ಹೆದರಿ ಕೆಲವು ದಿನ ಮುಂದೂಡಿದೆ. ಹಾಗೆ ಮುಂದೂಡಿ ಮುಂದೂಡಿ ಆಯುಧಪೂಜೆ ಬಂತು.

ನಮ್ಮ ಮನೆಯಲ್ಲಿ ಕತ್ತಿ, ತರಕಾರಿ ಹೆಚ್ಚುವ ಮೆಟ್ಟುಗತ್ತಿ, ಮಿಕ್ಸಿ, ಸ್ಕೂಟರು ಎಲ್ಲಕ್ಕೂ ಪೂಜೆ. ಕಂಪ್ಯೂಟರಿಗೂ. ಆ ವರ್ಷ ನನಗೆ ಹೊಸ ಯೋಚನೆ ಬಂತು. ಹೊರಗಿನ ಡಬ್ಬಕ್ಕೆ ಬೊಟ್ಟು ಇಟ್ಟರೆ ಒಳಗಿನ ಡಿಸ್ಕಿಗೆ ಅದು ಮುಟ್ಟುತ್ತದೆಯೇ? ನಾನು ಸ್ಕ್ರೂ ಬಿಚ್ಚಲು ಕುಳಿತೆ.

"ಹೊರಗಿಂದ ಒಂದು ಬೊಟ್ಟು ಇಟ್ರೆ ಆಗ್ತಿಲ್ಯ?" ಎಂದಳು ನನ್ನ ಹೆಂಡತಿ ಸುಧಾ.

"ಕೆಲಸ ಮಾಡೂದು ಒಳಗಿಂದು. ಡಬ್ಬಕ್ಕೆ ಪೂಜೆ ಮಾಡಿ ಎಂತ ಉಪಯೋಗ?"

"ಹಾಂಗಾರೆ ಮಿಕ್ಸಿದೂ ಹೊಟ್ಟೆ ಬಗೆದು ಮೋಟಾರು ತೆಗೀರಿ. ಸ್ಕೂಟರಿಂದೂ ತೆಗೀರಿ. ದೇವರಿಗೆ ಬೇರೆ ಕೆಲಸ ಇಲ್ಲೆ."

ತೆಗೆದೆ. ಎರಡು ಡಿಸ್ಕುಗಳನ್ನೂ ಬಾಳೆ ಎಲೆಯ ಮೇಲೆ ಇಟ್ಟೆ. ಪೂಜೆಗೆ ಇಡುವ ಸಾಮಾನನ್ನು ಒರೆಸದೆ ಇಡುವುದುಂಟೆ? ಒದ್ದೆ ಬಟ್ಟೆ ಹಿಂಡಿ, ಸರ್ಕಿಟ್ಟಿಗೆ ನೀರು ತಾಗದಂತೆ, ಬಹಳ ಜಾಗ್ರತೆಯಿಂದ ಬೆನ್ನನ್ನಷ್ಟೇ ಒರೆಸಿದೆ. ಬಟ್ಟೆಗೆ ನೀಲಿ ಹತ್ತಿತು. ಧೂಳು ಎಂದುಕೊಂಡೆ. ನೀಲಿ ಧೂಳು — ಈ ಭೂಮಿಯ ಮೇಲೆ ಎಲ್ಲಿಯಾದರೂ ನೀಲಿ ಧೂಳು — ಇರಲಿ. ಗಂಧ ಹಚ್ಚಿದೆ, ಕುಂಕುಮ ಇಟ್ಟೆ, ತಲೆಗೊಂದು ದಾಸವಾಳ. ಎರಡೂ ಅವಳಿ ಮದುಮಕ್ಕಳ ಹಾಗೆ ಕಾಣುತ್ತಿದ್ದವು. ಮಂಗಳಾರತಿ ಮಾಡುವಾಗ ಮನಸ್ಸು ತುಂಬಿಬಂದದ್ದು ಸುಳ್ಳಲ್ಲ.

ಪೂಜೆಗೆ ಇಟ್ಟದ್ದನ್ನು ದಶಮಿಯವರೆಗೆ ಮುಟ್ಟಬಾರದು ಎಂದು ನಮ್ಮ ಕಡೆಯ ಪದ್ಧತಿ. ಸುಧಾ ಹೇಳಿದಳು ಕೂಡ. ಆದರೆ ಡಿಸ್ಕು ಒಂದು ದಿನ ಹೊರಗೆ, ಊದಿನಕಡ್ಡಿಯ ಹೊಗೆಯಲ್ಲಿ, ಇರುವೆ ಓಡಾಡುವ ಜಾಗದಲ್ಲಿ ಇದ್ದರೆ ಏನಾದರೂ ಆದೀತು ಎಂಬ ಚಿಂತೆ ಹತ್ತಿತು. ಮಧ್ಯಾಹ್ನ ಊಟವಾದದ್ದೇ ದೇವರಿಗೆ ಕೈಮುಗಿದು ಎತ್ತಿಕೊಂಡು ಬಂದು, ಯಾವುದು ಯಾವುದೆಂದು ನೋಡಿದೆ. ಎರಡರ ಮೇಲೂ ಕುಂಕುಮ ಇತ್ತು. ಅಕ್ಷರ ಇರಲಿಲ್ಲ.

ಆಗ ಯಾವ ಬುದ್ಧಿವಂತನೂ ನಿಲ್ಲಿಸಿಬಿಡುತ್ತಿದ್ದ. ನಾನು ನೆನಪನ್ನು ನಂಬಿದೆ. ಎಲೆಯ ಬಲಕ್ಕೆ ಇಟ್ಟದ್ದು 'ಮೂಲ' — ಶುಭದ್ದನ್ನು ಬಲಕ್ಕೇ ಇಡುತ್ತೇವಲ್ಲ? ದೇವರ ಬಲವೋ ನನ್ನ ಬಲವೋ ಎಂಬ ಪ್ರಶ್ನೆ ಆಗ ಹೊಳೆಯಲೇ ಇಲ್ಲ. ಮೊದಲ ತಂತಿಗೆ ಬಲದ್ದನ್ನು, ಎರಡನೇ ತಂತಿಗೆ ಎಡದ್ದನ್ನು ಸಿಕ್ಕಿಸಿದೆ. ಫಾರ್ಮ್ಯಾಟ್ ಮಾಡುವ ಪುಟದಲ್ಲಿ ಹೆಸರಿಲ್ಲ, ಬರೀ ನಂಬರು. ಎರಡನೆಯದು 'ಪ್ರತಿ' ಎಂದು ನನಗೆ ಬಾಯಿಪಾಠ. 'ಎಲ್ಲವೂ ಅಳಿಸಿಹೋಗುತ್ತದೆ, ಮುಂದುವರಿಯಲೇ?' ಎಂದು ಕಂಪ್ಯೂಟರು ಕೇಳಿತು. ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುವವನು ನಾನು, ಆ ಪ್ರಶ್ನೆಗೆ ಒಂದೇ ಸಲಕ್ಕೆ ಹೌದು ಎಂದೆ.

ಆಮೇಲೆ ಪ್ರಯೋಗಕ್ಕೆಂದು ಮೊದಲು ನನ್ನ ಮದುವೆಯ ವಿಡಿಯೋವನ್ನು ಅದಕ್ಕೆ ತುಂಬಿದೆ. ಅದು ಬೇರೆ ಚಿಕ್ಕ ಡಿಸ್ಕಿನಲ್ಲಿ ಇತ್ತು. ಏನಾದರೂ ಎಡವಟ್ಟಾದರೆ ನಮ್ಮದೇ ಹಾಳಾಗಲಿ, ಅತ್ತಿಗೆಯದಕ್ಕೆ ಏನೂ ಆಗದಿರಲಿ ಎಂಬ ಧಾರಾಳ ಬುದ್ಧಿ ನನ್ನದು. ತುಂಬಿ ಮುಗಿದ ಮೇಲೆ ಇನ್ನೊಂದು ಡಿಸ್ಕನ್ನು ತೆರೆದೆ. ಅದು ಖಾಲಿ ಇತ್ತು.

ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್ ಹಾಕಿ ಹುಡುಕಿದೆ. ದಿಬ್ಬಣ ಮರಳಿತು. ಧಾರೆ ಮರಳಿತು. ಯಾರದೋ ಮಗು ಅಳುವುದು ಮರಳಿತು. ಅಣ್ಣನ ಮಾಲೆಯಂತೂ ಎರಡೆರಡು ಸಲ ಮರಳಿತು. ಊಟದ ಪಂಕ್ತಿ ಬರಲಿಲ್ಲ. ಡಿಸ್ಕಿನಲ್ಲಿ ಅದು ಇದ್ದ ಜಾಗದ ಮೇಲೆ ನನ್ನ ಮದುವೆ ಹೋಗಿ ಎಲೆ ಹಾಕಿಕೊಂಡು ಕೂತಿತ್ತು.

ಇಲ್ಲಿಯವರೆಗೆ ನಡೆದದ್ದು ಪೆದ್ದುತನ. ತಪ್ಪು ಇನ್ನು ಮುಂದೆ.

ನನ್ನ ಮದುವೆಯೂ ಅದೇ ಹಳದೀಪುರದ ಮಂಟಪದಲ್ಲಿ, ಅದೇ ಅಡುಗೆಯವರಿಂದ, ಅದೇ ವಿಡಿಯೋದವರಿಂದ ಆದದ್ದು. ನಮ್ಮ ಕಡೆ ವಿಡಿಯೋದವರಿಗೆ ಒಂದು ಕಟ್ಟಳೆ: ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಎಲೆಯನ್ನೂ ಬಿಡದೆ ತೆಗೆಯಬೇಕು. ಬಿಟ್ಟರೆ ಬಿಟ್ಟ ಎಲೆಯವರು ಮುಂದಿನ ಮದುವೆಗೆ ಬರುವುದಿಲ್ಲ. ಹಾಗಾಗಿ ನನ್ನ ಮದುವೆಯ ಪಂಕ್ತಿ ಬೇಕಾದಷ್ಟು ಉದ್ದ ಇತ್ತು. ಅದರಲ್ಲಿ ಒಬ್ಬ ಹೆಂಗಸು ಬೆನ್ನು ತಿರುಗಿಸಿ ಪಾಯಸ ಬಡಿಸುತ್ತ ಹೋಗುವುದು ಸಿಕ್ಕಿತು — ಶಾರದತ್ತೆ. ಅದನ್ನು ಕತ್ತರಿಸಿದೆ. ಸೀರೆಯ ಬಣ್ಣ ಇಳಿಸಿದೆ. ಹಳೆಯ ಟೇಪಿನ ಗೆರೆಗಳನ್ನು ಬೇರೆ ಕಡೆಯಿಂದ ತಂದು ಮೇಲೆ ಎಳೆದೆ. ಅಣ್ಣನ ಮದುವೆಯ ಧಾರೆಗೂ ತಾಂಬೂಲಕ್ಕೂ ನಡುವೆ ಜೋಡಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಜೋಡಣೆ ನಾನು ಮಾಡಿಲ್ಲ.

ಅತ್ತಿಗೆಗೆ ಫೋನು ಮಾಡಿದೆ.

"ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು ಅತ್ತಿಗೆ. ಆಯಿ ಮುಖ ಬಪ್ಪಲ್ಲಿ ಪೂರಾ ಹೋಯ್ದು. ಬೆನ್ನು ಮಾತ್ರ ಸಿಕ್ಕಿದ್ದು."

ಅತ್ತಿಗೆ ತಮ್ಮನ್ನೇ ಬೈದುಕೊಂಡರು —

"ನಂದೇ ತಪ್ಪು. ಕಪಾಟಿನ ಕೆಳಗಿನ ಖಾನೇಲಿ ಇಟ್ಟಿದ್ದೆ. ನೀ ಎಂತ ಮಾಡ್ತೆ ಪಾಪ. ಬೆನ್ನಾದ್ರೂ ಸಿಕ್ಕಿತಲ."

ಆಗ ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಬಂದಿರಲಿಲ್ಲ. ನನಗೆ ಬಂದದ್ದು ಸಮಾಧಾನ.

ಸುಳ್ಳಿಗೆ ಕಾವಲು ಕೂರುವುದೂ ನನ್ನ ಸ್ವಭಾವಕ್ಕೆ ಹೊಂದುವ ಕೆಲಸವೇ. ಮೊದಲ ಚೌತಿಯಲ್ಲಿ ಅಣ್ಣ ಟೀವಿಯ ಹತ್ತಿರ ಹೋಗಿ ಬಗ್ಗಿ ನೋಡಿದ. "ಈ ಮೂಲೇಲಿ ಉಂಬವ್ವು ನಿನ್ನ ಮಾವ ಅಲ್ದನ? ನನ್ನ ಮದುವೆ ಹೊತ್ತಿಗೆ ಅವಕ್ಕೂ ನಮಗೂ ಸಂಬಂಧವೇ ಇರಲ್ಯಲ!" ಅದು ನನ್ನ ಮಾವನೇ, ಸುಧಾಳ ಅಪ್ಪ. ಕತ್ತರಿಸುವಾಗ ಶಾರದತ್ತೆಯ ಮೇಲೆ ಕಣ್ಣಿಟ್ಟು, ಮೂಲೆಯಲ್ಲಿ ಹಪ್ಪಳ ಮುರಿಯುತ್ತಿದ್ದ ಮಾವನನ್ನು ಮರೆತಿದ್ದೆ. ಅಷ್ಟರಲ್ಲಿ ಅಲ್ಲೇ ಕುಳಿತಿದ್ದ ಮಾವ ಕನ್ನಡಕ ಸರಿಮಾಡಿಕೊಂಡು, "ಹೌದು, ಬಂದಿದ್ದೆ. ಹಳದೀಪುರದಲ್ಲಿ ಬೇರೆ ಕೆಲಸ ಇತ್ತು, ಯಾರೋ ಕರೆದ. ಪಾಯಸ ಚಲೋ ಆಗಿತ್ತು," ಎಂದುಬಿಟ್ಟರು. ಅಂದಿನಿಂದ ನಮ್ಮ ಕುಟುಂಬದಲ್ಲಿ, ಮಾವ ಹುಡುಗನನ್ನು ಗುಟ್ಟಾಗಿ ನೋಡಿಕೊಂಡು ಹೋಗಲು ಮೊದಲೇ ಬಂದಿದ್ದರು ಎಂಬ ಕತೆ ನಿಂತಿದೆ. ಮಾವನೂ ಅದನ್ನು ವರ್ಷವರ್ಷ ಬೆಳೆಸಿದ್ದಾರೆ. ಈಗ ಅದರಲ್ಲಿ ನಾನು ಅವರಿಗೆ ನೀರು ಕೊಟ್ಟಿದ್ದೇನೆ.

ಇನ್ನೊಂದು ಚೌತಿಗೆ ಶಾರದತ್ತೆಯೇ ಬಂದರು. ನಾನು ಟೀವಿಯ ವೈರು ಕಿತ್ತಿಡಲು ನೋಡಿದೆ, ಆಗಲಿಲ್ಲ. ಬೆನ್ನು ಬಂತು. ಶಾರದತ್ತೆ ರೆಪ್ಪೆ ಬಡಿಯದೆ ನೋಡಿ, "ಈ ಹೆಂಗ್ಸು ಸೌಟು ಹಿಡಿದದ್ದು ನೋಡಿ! ಒಂದು ಹನಿ ಚೆಲ್ಲಿದ್ದಿಲ್ಲೆ. ಈಗಿನವಕ್ಕೆ ಎಲ್ಲಿ ಬತ್ತು?" ಎಂದರು. ಅತ್ತಿಗೆ ಅವರ ಕೈ ಹಿಡಿದು, "ಅದು ನನ್ನ ಆಯಿ," ಎಂದರು. ಶಾರದತ್ತೆ, "ಪುಣ್ಯಾತ್ಗಿತ್ತಿ," ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು. ತನ್ನ ಬೆನ್ನನ್ನು ತಾನು ಯಾರೂ ನೋಡಿರುವುದಿಲ್ಲ. ಆ ಒಂದು ಸಂಗತಿ ನನ್ನನ್ನು ಅಂದು ಉಳಿಸಿತು.

ನಗುತ್ತಿದ್ದೀರಿ. ನಾನೂ ಬಚ್ಚಲಿಗೆ ಹೋಗಿ ನಕ್ಕಿದ್ದೇನೆ. ಆದರೆ ಭಟ್ಕಳದ ಆ ಮನೆಯಲ್ಲಿ ನಗೆಗೆ ಸಿಗದ್ದು ಒಂದಿತ್ತು. ಬಿಸಿಲು ಬಂದರೆ ಸಾಕು, ಅತ್ತಿಗೆ ಅಂಗಳದಲ್ಲಿ ಚಾಪೆ ಹಾಸಿ ಆಲ್ಬಮ್ಮು, ಪಟ್ಟೆ ಸೀರೆ, ಮಗಳ ಶಾಲೆಯ ಸರ್ಟಿಫಿಕೇಟು ಎಲ್ಲ ಹರಡುತ್ತಿದ್ದರು. ಕಪಾಟಿನಲ್ಲಿ ಡಾಂಬರುಗುಳಿಗೆ, ಲವಂಗ, ಒಣ ಬೇವಿನೆಲೆ. ಬಂದವರೊಡನೆ, "ನಾ ಒಂದು ಸಲ ಅಸಡ್ಡೆ ಮಾಡಿ ಆಯಿ ಮುಖ ಕಳಕೊಂಡಿದ್ದೆ," ಎನ್ನುತ್ತಿದ್ದರು. ನಾನು ಎದುರಿಗೇ ಕುಳಿತು ಚಹಾ ಕುಡಿದಿದ್ದೇನೆ. ಬಿಸ್ಕತ್ತೂ ತಿಂದಿದ್ದೇನೆ.

ಈಗ ಅಣ್ಣನ ಮಗಳ ಮದುವೆ. ಅವಳು ಫೋನು ಮಾಡಿ, "ಚಿಕ್ಕಪ್ಪಾ, ಊಟದ ಹಾಲಿನಲ್ಲಿ ದೊಡ್ಡ ಪರದೆ ಹಾಕ್ಸ್ತಾ ಇದ್ದೆ. ಅಜ್ಜಿ ವಿಡಿಯೋ ಅದರಲ್ಲಿ ಬರವು. ಅಮ್ಮಂಗೆ ಹೇಳಡ, ಸರ್ಪ್ರೈಸು," ಎಂದಳು. ಗೋಡೆಯಗಲದ ಶಾರದತ್ತೆ! ಕೆಳಗೆ ಉಣ್ಣುತ್ತ ಶಾರದತ್ತೆಯ ಹೆಣ್ಣುಮಕ್ಕಳು, ಸೊಸೆಯಂದಿರು — ಆ ಬೆನ್ನನ್ನು ದಿನಾ ನೋಡಿದವರು. ಒಬ್ಬರಾದರೂ 'ಇದು ನಮ್ಮ ಆಯಿ ಅಲ್ಲದಾ' ಎಂದು ಕೂಗದೆ ಇರಲಾರರು. ಮಗಳ ಮದುವೆಯ ಊಟದಲ್ಲಿ, ನೂರಾರು ಎಲೆಗಳ ಎದುರು, ಅತ್ತಿಗೆಗೆ ಅದು ಗೊತ್ತಾಗಬೇಕೆ? ಹೆದರಿಕೆಯಿಂದಲೇ ಹೊರಟೆ ಎಂದು ಒಪ್ಪಿಕೊಳ್ಳುತ್ತೇನೆ. ಧೈರ್ಯದಿಂದ ನಾನು ಈವರೆಗೆ ಯಾವುದಕ್ಕೂ ಹೊರಟವನಲ್ಲ.

ಭಟ್ಕಳ ಮುಟ್ಟಿದಾಗ ಬಿಸಿಲು ಏರಿತ್ತು. ಅಣ್ಣ ಶಾಲೆಗೆ ಹೋಗಿದ್ದ. ಅತ್ತಿಗೆ ಅಂಗಳದಲ್ಲಿ ಚಾಪೆ ಹಾಸುತ್ತಿದ್ದರು. ನಾನು ಚಪ್ಪಲಿಯನ್ನೂ ಬಿಡಲಿಲ್ಲ.

"ಅತ್ತಿಗೆ, ವಿಡಿಯೋದಲ್ಲಿ ಇಪ್ಪ ಆ ಬೆನ್ನು ಆಯಿದಲ್ಲ."

"ಮತ್ತೆ?"

"ಶಾರದತ್ತೆದು."

"ಯಾವ, ಕುಮಟೆ ಶಾರದತ್ತೆನ?" ಅವರು ಚಾಪೆಯ ತುದಿ ಹಿಡಿದೇ ನಿಂತರು. "ಮೊನ್ನೆ ಕರೆಯಲೆ ಹೋದಾಗ ಸೊಸೆ ಮೇಲೆ ದೂರು ಹೇಳಿ ಹೇಳಿ ನನ್ನ ಬಸ್ಸು ತಪ್ಪಿಸಿತ್ತಲ, ಅದೇ ಶಾರದತ್ತೆನ?"

"ಅದೇ."

ಅತ್ತಿಗೆ ನಕ್ಕರು. ಚಾಪೆಯ ಮೇಲೆ ಕುಸಿದು ಕುಳಿತು, ಹೊಟ್ಟೆ ಹಿಡಿದುಕೊಂಡು. "ಅಂದ್ರೆ ನಾ ಇಷ್ಟು ವರ್ಷ ಬದುಕಿದ್ದವರ ನೋಡಿ ಅತ್ತಿದ್ನ ಮಾರಾಯಾ! ಅದೂ ಪಕ್ಕದಲ್ಲೇ ಕೂರಿಸ್ಕಂಡು!" ನಾನೂ ನಕ್ಕೆ. ಇಷ್ಟೇನಾ, ಇಷ್ಟು ಸುಲಭವಾ ಎಂದು ಎದೆ ಹಗುರಾಯಿತು. ಆ ಹಗುರದಲ್ಲಿ ಉಳಿದದ್ದನ್ನೂ ಹೇಳಿದೆ — ಆಯುಧಪೂಜೆ, ಕುಂಕುಮ, ಡಿಸ್ಕು, ನನ್ನ ಮದುವೆ.

"ಹಾಂಗಾರೆ ಬೂಷ್ಟು?" ಎಂದರು.

"ಬೂಷ್ಟು ಇರಲ್ಲೆ ಅತ್ತಿಗೆ. ಕ್ಯಾಸೆಟ್ಟು ಚೊಕ್ಕ ಇತ್ತು. ನೀವು ಚಲೋ ಇಟ್ಟಿದ್ರಿ."

ನಗು ನಿಂತಿತು. ಅವರು ಬಿಸಿಲಲ್ಲಿ ಹರಡಿದ್ದ ಆಲ್ಬಮ್ಮುಗಳನ್ನು ಒಂದೊಂದಾಗಿ ನೋಡಿದರು, ಯಾರೋ ಬೇರೆಯವರು ಅಲ್ಲಿ ತಂದಿಟ್ಟು ಹೋಗಿದ್ದಾರೆ ಎಂಬಂತೆ. ನನ್ನ ಕಡೆ ನೋಡಲಿಲ್ಲ. ಹಾಗೆಯೇ ಕೇಳಿದರು —

"ನೀ ಇಳಿಸಿಕೊಂಬಕಾರೆ ನೋಡಿದ್ದೆ ಅಲ್ದ? ಆಯಿ ಎಂತ ಹೇಳಿದ್ದು?"

ಕ್ಯಾಸೆಟ್ಟು ಕೊನೆಯ ಸಲ ಓಡಿದಾಗ ಅದರ ಮುಂದೆ ಕುಳಿತಿದ್ದವನು ನಾನೊಬ್ಬನೇ. ಯಾವ ಮಾತನ್ನಾದರೂ ಹೇಳಬಹುದಿತ್ತು. 'ನಿಧಾನ ಉಣ್ಣಿ' ಎಂದರು ಅನ್ನಬಹುದಿತ್ತು. 'ನನ್ನದೆಂತ ತೆಗೀತೆ, ಮಗಳದ್ದು ತೆಗಿ' ಎಂದರು ಅನ್ನಬಹುದಿತ್ತು — ಅದು ಬಾಯಲ್ಲಿ ತಯಾರಾಗಿಯೇ ಇತ್ತು, ಮತ್ತು ಅದು ಎಷ್ಟು ಚೆನ್ನಾಗಿತ್ತು! ಬೆನ್ನನ್ನು ನಂಬಿದ ಹಾಗೆ ಅವರು ಅದನ್ನೂ ನಂಬುತ್ತಿದ್ದರು. ಸಾಯುವವರೆಗೆ ನಂಬುತ್ತಿದ್ದರು.

"ಗೊತ್ತಿಲ್ಲೆ ಅತ್ತಿಗೆ," ಎಂದೆ. "ನಾ ಕೇಳಲ್ಲೆ."

ಇಳಿಸಿಕೊಳ್ಳುವಾಗ ಪರದೆಯ ಕೆಳಗೆ ಒಂದು ಅಂಕಿ ಇರುತ್ತದೆ — ಎಷ್ಟು ಚಿತ್ರ ಕೈತಪ್ಪಿ ಹೋದವು ಎಂಬ ಲೆಕ್ಕ. ಅದು ಸೊನ್ನೆಯಲ್ಲೇ ನಿಲ್ಲಬೇಕು. ನಾನು ಮೊದಲಿನಿಂದ ಕೊನೆಯವರೆಗೆ ಆ ಸೊನ್ನೆಯನ್ನೇ ನೋಡುತ್ತಿದ್ದೆ. ಕಂಪ್ಯೂಟರಿಗೆ ಹೊರೆಯಾದೀತೆಂದು ಸ್ಪೀಕರನ್ನೂ ಬಂದ್ ಮಾಡಿದ್ದೆ. ಮೇಲೆ ಆ ತಾಯಿ ಬಂದು, ನಿಂತು, ಏನೋ ಹೇಳಿ, ನಕ್ಕು ಹೋದರು. ಕೆಳಗೆ ಸೊನ್ನೆ ಸೊನ್ನೆಯಾಗಿಯೇ ಇತ್ತು. ಇದನ್ನೂ ಹೇಳಿದೆ.

ಅತ್ತಿಗೆ ಪರವಾಗಿಲ್ಲ ಎನ್ನಲಿಲ್ಲ. ಒಂದು ಆಲ್ಬಮ್ಮು ಮುಚ್ಚಿ ಎದ್ದರು. "ಆತು. ಪರದೆ ಮೇಲೆ ಎಂತದೂ ಬಪ್ಪದು ಬ್ಯಾಡ. ಅಜ್ಜಿ ಯಾಕೆ ಬರಲ್ಲೆ ಹೇಳಿ ಕೂಸು ಕೇಳಿದ್ರೆ ನೀನೇ ಹೇಳು. ನಿನ್ನ ಅಣ್ಣಂಗೂ ನೀನೇ ಹೇಳು. ನಾ ಹೇಳ್ತಿಲ್ಲೆ." ಒಳಗೆ ಹೋದರು. ಚಹಾ ಬರಲಿಲ್ಲ. ಬರಬಾರದಿತ್ತು.

ಅಣ್ಣನಿಗೆ ಹೇಳಿಯಾಯಿತು, ಅವನು ಇನ್ನೂ ಮಾತಾಡಿಲ್ಲ. ಅವನ ಮಗಳಿಗೆ ನಾಳೆ ಹೇಳಬೇಕು. ಫೋನಿನಲ್ಲಿ ಹೇಳುವುದು ಸುಲಭವಾದ್ದರಿಂದ ಎದುರಿಗೇ ಹೋಗಿ ಹೇಳುತ್ತೇನೆ.